ಫಜ್ ಪೆಡಲ್ ಗಿಟಾರಿನ ಪಕ್ಕದಲ್ಲೇ ಇರಲಿ

ಗ್ಯಾರೇಜ್ ರಾಕ್‌ನ ಆ ಒರಟು, ಹರಿದ ದನಿ ಬೇಕಾದರೆ ಗಿಟಾರಿನ ಕೇಬಲ್ ನೇರವಾಗಿ ಫಜ್ ಪೆಡಲ್‌ಗೇ (ದನಿಯನ್ನು ಒಡೆದು ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಹೋಗಲಿ. ನಡುವೆ ಬೇರೇನೂ ಬೇಡ. ಫಜ್ ಪೂರ್ತಿ ಏರಿಸಿ, ಗಿಟಾರಿನ ವಾಲ್ಯೂಮ್ 7ಕ್ಕೆ ಇಳಿಸಿ. ಆಂಪ್ ದನಿ ಸ್ವಲ್ಪ ಒಡೆಯುವಷ್ಟು ಏರಲಿ, ಬಾಸ್ ಕಡಿಮೆ, ಮಿಡ್ ಜಾಸ್ತಿ. ಫಜ್ ಫೇಸ್ ಪೆಡಲ್ ಥರದ ಹಳೆ ಸರ್ಕ್ಯೂಟ್‌ಗಳ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತುಂಬಾ ಕಡಿಮೆ. ಹಾಗಾಗಿ ಅವು ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಜೊತೆ ಸೇರಿಕೊಂಡೇ ಕೆಲಸ ಮಾಡುತ್ತವೆ. ಗಿಟಾರಿನ ವಾಲ್ಯೂಮ್ ನಾಬ್ ಒಂಚೂರು ಇಳಿಸಿದರೂ ಒರಟು ದನಿ ತಿಳಿಯಾಗುತ್ತದೆ, ಅದೇ ಇದರ ಮಜಾ. ನಡುವೆ ಬಫರ್ (ಪಿಕಪ್ಪನ್ನು ಪೆಡಲಿನಿಂದ ಬೇರ್ಪಡಿಸುವ ಸರ್ಕ್ಯೂಟ್) ಇರುವ ಟ್ಯೂನರ್ ಅಥವಾ ವೈರ್‌ಲೆಸ್ ಬಂದರೆ ಆ ಮಜಾ ಹೋಯ್ತು, ಉಳಿಯೋದು ಬರೀ ಕರ್ಕಶ ಸದ್ದು. ನಮ್ಮ ಬಳ್ಳಾರಿ, ರಾಯಚೂರು ಕಡೆಯವರು ಇನ್ನೊಂದು ಗಮನಿಸಿ: ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್ ನಮ್ಮ ಬೇಸಿಗೆಗೆ ತಡೆಯುವುದಿಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ಟ್ರಾನ್ಸಿಸ್ಟರಿನಿಂದ ಸೋರುವ ಕರೆಂಟ್ (ಲೀಕೇಜ್) ಏರುತ್ತದೆ, ಅದು ಸರಿಯಾಗಿ ಕೆಲಸ ಮಾಡಲು ಇಟ್ಟ ವೋಲ್ಟೇಜ್ ಮಟ್ಟ (ಬಯಾಸ್) ಜಾರುತ್ತದೆ, ನೋಟು ನಡುವೆಯೇ ಕಟ್ ಆಗುತ್ತದೆ. ಶೀಟಿನ ಮನೆಯಲ್ಲಿ ಪ್ರಾಕ್ಟೀಸ್ ಮಾಡುವವರಂತೂ ಸಿಲಿಕಾನ್ ಫಜ್ಜನ್ನೇ ತಗೊಳ್ಳಿ. ದನಿ ಸ್ವಲ್ಪ ಚೂಪು ಅನಿಸಬಹುದು, ಗಿಟಾರಿನ ಟೋನ್ ನಾಬ್ ಇಳಿಸಿದರೆ ಸರಿಹೋಗುತ್ತದೆ.