ಬ್ರಿಟನ್‌ನಲ್ಲಿ ಹೈಬ್ರಿಡ್ಡೋ, ಎಲೆಕ್ಟ್ರಿಕ್ಕೋ? ಮೊದಲು ಪಾರ್ಕಿಂಗ್ ನೋಡಿ

ಇಲ್ಲಿಗೆ ಹೊಸದಾಗಿ ಬಂದು ಕಾರು ಹುಡುಕುವ ನಮ್ಮವರೆಲ್ಲ ಕೇಳುವುದು ಹೈಬ್ರಿಡ್ ತಗೊಳ್ಳಲೋ, ಎಲೆಕ್ಟ್ರಿಕ್ ತಗೊಳ್ಳಲೋ ಎಂದು. ನಾನು ತಿರುಗಿ ಕೇಳುವುದು ಒಂದೇ: ರಾತ್ರಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ?

ಮನೆ ಮುಂದೆ ಕಾರು ನಿಲ್ಲಿಸಲು ಸ್ವಂತ ಜಾಗ, ಅಂದರೆ ಡ್ರೈವ್‌ವೇ ಇದ್ದರೆ ಎಲೆಕ್ಟ್ರಿಕ್ ಕಾರಿಗೆ ಸಾಟಿಯಿಲ್ಲ. ಚಾರ್ಜರ್ ಹಾಕಿಸಿ, ಎಲೆಕ್ಟ್ರಿಕ್ ಕಾರಿನವರಿಗೆಂದೇ ಇರುವ ರಾತ್ರಿ ಟ್ಯಾರಿಫ್ ತೆಗೆದುಕೊಂಡರೆ ಯೂನಿಟ್‌ಗೆ 10 ಪೆನ್ಸ್‌ಗಿಂತ ಕಡಿಮೆಗೂ ಕರೆಂಟ್ ಸಿಗುತ್ತದೆ. ಯೂನಿಟ್‌ಗೆ ಮೂರೂವರೆ ಮೈಲಿ ಓಡಿದರೆ ಮೈಲಿಗೆ 3 ಪೆನ್ಸ್ ಕೂಡ ಆಗುವುದಿಲ್ಲ.

ಫ್ಲಾಟ್‌ನಲ್ಲಿದ್ದು ರಸ್ತೆ ಬದಿ ನಿಲ್ಲಿಸುವವರಿಗೆ ಇದೇ ಲೆಕ್ಕ ಉಲ್ಟಾ. ಮನೆ ಕರೆಂಟಿಗೆ ವ್ಯಾಟ್ 5%, ಹೊರಗಿನ ಚಾರ್ಜರ್‌ಗೆ 20%. ಮೋಟರ್‌ವೇ ಪಕ್ಕದ ರಾಪಿಡ್ ಚಾರ್ಜರ್ ಯೂನಿಟ್‌ಗೆ 75 ಪೆನ್ಸ್ ತೆಗೆದುಕೊಂಡರೆ ಮೈಲಿಗೆ 21 ಪೆನ್ಸ್ ಬಿತ್ತು. ಗ್ಯಾಲನ್‌ಗೆ 55 ಮೈಲಿ ಕೊಡುವ ಹೈಬ್ರಿಡ್‌ಗೆ, ಪೆಟ್ರೋಲ್ ಲೀಟರ್‌ಗೆ 1.35 ಪೌಂಡ್ ಎಂದು ಹಿಡಿದರೆ, ಸುಮಾರು 11 ಪೆನ್ಸ್ ಸಾಕು. ಬೀದಿಯ ಲ್ಯಾಂಪ್‌ಪೋಸ್ಟ್ ಚಾರ್ಜರ್‌ಗಳು ರಾಪಿಡ್‌ಗಿಂತ ಅಗ್ಗ, ಆದರೆ ಮನೆಯಷ್ಟಲ್ಲ. ಇಂಥವರಿಗೆ ನಾನು ಹೇಳುವುದು ಟೊಯೋಟಾ ಕೊರೊಲ್ಲಾ ಥರದ ಸೆಲ್ಫ್ ಚಾರ್ಜಿಂಗ್ ಹೈಬ್ರಿಡ್. ಓಡುವಾಗಲೇ ಬ್ಯಾಟರಿ ತುಂಬಿಕೊಳ್ಳುತ್ತದೆ, ಪ್ಲಗ್ ಗೊಡವೆಯೇ ಇಲ್ಲ.

ಹಾಗಾದರೆ ಎಲ್ಲರೂ ಎಲೆಕ್ಟ್ರಿಕ್ ಏಕೆ ತಗೊಳ್ತಿದ್ದಾರೆ? 2025ರಲ್ಲಿ ನೋಂದಣಿಯಾದ ಹೊಸ ಕಾರುಗಳಲ್ಲಿ ಸುಮಾರು 23% ಎಲೆಕ್ಟ್ರಿಕ್, ನಿಜ. ಆದರೆ ಅದರಲ್ಲಿ ಬಹುಪಾಲು ಕಂಪನಿಗಳ ಮೂಲಕ ಹೋದವು. ಇದಕ್ಕೆ ದೊಡ್ಡ ಕಾರಣ ಸ್ಯಾಲರಿ ಸ್ಯಾಕ್ರಿಫೈಸ್. ಟ್ಯಾಕ್ಸ್ ಕಟ್ ಆಗುವ ಮೊದಲೇ ಸಂಬಳದಿಂದ ಕಾರಿನ ಲೀಸ್ ಹೋಗುತ್ತದೆ. ಹೀಗೆ ಕಂಪನಿ ಮೂಲಕ ಸಿಗುವ ಕಾರಿನ ಸೌಲಭ್ಯವನ್ನೂ ಆದಾಯವೆಂದು ಎಣಿಸಿ ಟ್ಯಾಕ್ಸ್ ಹಾಕುತ್ತಾರೆ, ಆದರೆ ಎಲೆಕ್ಟ್ರಿಕ್‌ನಲ್ಲಿ 2026-27ಕ್ಕೆ ಕಾರಿನ ಬೆಲೆಯ 4% ಮಾತ್ರ ಆದಾಯವೆಂದು ಲೆಕ್ಕ. 35,000 ಪೌಂಡ್ ಕಾರಿಗೆ 40% ಟ್ಯಾಕ್ಸ್ ಕಟ್ಟುವವರು ವರ್ಷಕ್ಕೆ ಕೊಡುವುದು 560 ಪೌಂಡ್. ಸಾಮಾನ್ಯ ಹೈಬ್ರಿಡ್‌ಗೆ ಅದೇ ಲೆಕ್ಕ 25%ರ ಆಸುಪಾಸು. ಅಂದರೆ ಈ ಜನಪ್ರಿಯತೆಯಲ್ಲಿ ಟ್ಯಾಕ್ಸ್‌ನ ಪಾಲು ತುಂಬಾ ದೊಡ್ಡದು.

ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರು ಇಲ್ಲಿ ದಯವಿಟ್ಟು ಸ್ವಲ್ಪ ನಿಲ್ಲಿ. ಈ ಸ್ಕೀಮ್‌ನಲ್ಲಿ ಕಾಗದದ ಮೇಲಿನ ಸಂಬಳವೇ ಇಳಿಯುತ್ತದೆ. ನಿಮ್ಮ ವೀಸಾಗೆ ಕನಿಷ್ಠ ಸಂಬಳದ ಮಿತಿ ಇದೆ, ಅಲ್ವಾ? ಅದಕ್ಕೆ ತೊಂದರೆಯಾಗುವುದಿಲ್ಲ ಎಂದು ಎಚ್‌ಆರ್‌ನಿಂದ ಬರಹದಲ್ಲಿ ಪಡೆದ ಮೇಲೆಯೇ ಸಹಿ ಹಾಕಿ. ಕೆಲಸ ಬಿಟ್ಟರೆ ಅಥವಾ ಊರಿಗೆ ವಾಪಸ್ಸಾದರೆ ಲೀಸ್ ಮುರಿಯುವ ಶುಲ್ಕ ಯಾರ ತಲೆ ಮೇಲೆ ಎಂಬುದನ್ನೂ ಕೇಳಿ.

ಪ್ಲಗ್‌ಇನ್ ಹೈಬ್ರಿಡ್, ಅಂದರೆ ಪೆಟ್ರೋಲ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ದೊಡ್ಡ ಬ್ಯಾಟರಿಯೂ ಇರುವ ಕಾರು, ನನಗೆ ಒಪ್ಪಿಗೆಯಾಗುವುದು ಮನೆಯಲ್ಲಿ ದಿನಾ ಚಾರ್ಜ್ ಮಾಡುವವರಿಗೆ ಮಾತ್ರ. ಉಳಿದವರು ಭಾರದ ಬ್ಯಾಟರಿಯನ್ನು ಪೆಟ್ರೋಲ್ ಸುಟ್ಟು ಸುಮ್ನೆ ಹೊತ್ತು ತಿರುಗಬೇಕು.

ಎಲೆಕ್ಟ್ರಿಕ್‌ಗೆ ಇದ್ದ ರಿಯಾಯಿತಿಗಳೂ ಕರಗುತ್ತಿವೆ. 2025ರ ಏಪ್ರಿಲ್‌ನಿಂದ ರೋಡ್ ಟ್ಯಾಕ್ಸ್ ಬಂತು. ಲಂಡನ್ ನಡುಭಾಗದಲ್ಲಿ ಕಾರು ಓಡಿಸಲು ಕಟ್ಟುವ ಕಂಜೆಶನ್ ಚಾರ್ಜ್‌ನ ಪೂರ್ತಿ ವಿನಾಯಿತಿ 2025ರ ಡಿಸೆಂಬರ್‌ಗೆ ಮುಗಿಯಿತು. 2028ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್‌ಗೆ ಮೈಲಿಗೆ 3 ಪೆನ್ಸ್, ಪ್ಲಗ್‌ಇನ್ ಹೈಬ್ರಿಡ್‌ಗೆ 1.5 ಪೆನ್ಸ್ ಟ್ಯಾಕ್ಸ್ ಹಾಕುವುದಾಗಿ ಸರ್ಕಾರ ಘೋಷಿಸಿದೆ. ಅದನ್ನು ಸೇರಿಸಿದರೂ ಮನೆ ಚಾರ್ಜಿಂಗ್ ಪೆಟ್ರೋಲ್‌ಗಿಂತ ಅಗ್ಗವೇ. ಹೈಬ್ರಿಡ್ ಕೊಂಡವರೂ ಹೆದರಬೇಕಿಲ್ಲ. 2030ಕ್ಕೆ ನಿಲ್ಲುವುದು ಹೊಸ ಪೆಟ್ರೋಲ್, ಡೀಸೆಲ್ ಕಾರುಗಳ ಮಾರಾಟ. ಹೊಸ ಹೈಬ್ರಿಡ್‌ಗೆ 2035ರವರೆಗೆ ಅವಕಾಶವಿದೆ. ಹಳೆ ಕಾರಿಗೆ ಈ ನಿಯಮವೇ ಅನ್ವಯಿಸುವುದಿಲ್ಲ.

ದೂರದ ಪ್ರಯಾಣದ ಭಯ ಜಾಸ್ತಿ ಬೇಡ. ಲಂಡನ್‌ನಿಂದ ಬರ್ಮಿಂಗ್‌ಹ್ಯಾಮ್ ಪಕ್ಕದ ಟಿವಿಡೇಲ್ ಬಾಲಾಜಿ ದೇವಸ್ಥಾನಕ್ಕೆ ಸುಮಾರು 120 ಮೈಲಿ. ಈಗಿನ ಎಲೆಕ್ಟ್ರಿಕ್ ಕಾರುಗಳು ಆರಾಮಾಗಿ ತಲುಪುತ್ತವೆ. ಚಳಿಗಾಲದಲ್ಲಿ ರೇಂಜ್ ಇಳಿಯುವುದರಿಂದ ವಾಪಸ್ ಬರುವಾಗ ಒಮ್ಮೆ ಚಾರ್ಜ್ ಮಾಡಬೇಕಾದೀತು.

ಇನ್ನು ಲೈಸೆನ್ಸ್. ಭಾರತದ್ದು ಇಲ್ಲಿ ನೆಲೆಸಿದ ಮೇಲೆ 12 ತಿಂಗಳಷ್ಟೇ ನಡೆಯುತ್ತದೆ. ಎಲೆಕ್ಟ್ರಿಕ್ ಕಾರುಗಳಿಗೆ ಗೇರ್ ಕೆಲಸವಿಲ್ಲ, ಸೆಲ್ಫ್ ಚಾರ್ಜಿಂಗ್ ಹೈಬ್ರಿಡ್‌ಗಳೂ ಹೆಚ್ಚಾಗಿ ಆಟೋಮ್ಯಾಟಿಕ್. ಹಾಗೆಂದು ಟೆಸ್ಟನ್ನು ಆಟೋಮ್ಯಾಟಿಕ್‌ನಲ್ಲೇ ಪಾಸು ಮಾಡಿದರೆ ಮ್ಯಾನುಯಲ್ ಕಾರು ಓಡಿಸುವಂತಿಲ್ಲ. ಮೊದಲ ಕಾರು ಅಗ್ಗದ ಹಳೆಯ ಮ್ಯಾನುಯಲ್ ಆಗಬಹುದು ಎನ್ನುವವರು ಟೆಸ್ಟ್ ಬುಕ್ ಮಾಡುವ ಮೊದಲೇ ಇದನ್ನು ಯೋಚಿಸಿ.