ಮೈಲುತುತ್ತದೊಳಗಿನ ನೀರು: ತೂಕ ಮಾಡಿ ಬಂಧ ಹೇಳಿಕೊಡುವ ಬಗೆ

ಚನ್ನಗಿರಿ ಕಡೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರು ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಹಾಕುತ್ತಾರೆ. ಆ ಒಂದು ಕಿಲೋ ಮೈಲುತುತ್ತದಲ್ಲಿ 360 ಗ್ರಾಂ ಬರೀ ನೀರು. ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಹೈಡ್ರೇಟ್ ಲವಣಗಳ, ಅಂದರೆ ಹರಳಿನೊಳಗೆ ನೀರು ಹಿಡಿದಿಟ್ಟುಕೊಂಡ ಲವಣಗಳ, ಬಂಧ ಕಲಿಸುವಾಗ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ, ತೋಟದ ಮನೆಯ ಮಕ್ಕಳಿಗೆ ಆ ನೀಲಿ ಹರಳು ಹೊಸದಲ್ಲ.

ಪಿಂಗಾಣಿ ಮೂಸೆಯನ್ನು ಹತ್ತು ನಿಮಿಷ ಚೆನ್ನಾಗಿ ಕಾಯಿಸಿ, ಡೆಸಿಕೇಟರಿನಲ್ಲಿ (ತೇವ ಹೀರುವ ವಸ್ತು ಇಟ್ಟ ಮುಚ್ಚಿದ ಪಾತ್ರೆ) ಆರಿಸಿ ತೂಗಬೇಕು. ಅದಕ್ಕೆ ಪುಡಿ ಮಾಡಿದ ಮೈಲುತುತ್ತ 5.00 ಗ್ರಾಂ. ಮಳೆಗಾಲದಲ್ಲಿ ಅಂಗಡಿಯಿಂದ ತಂದ ಹರಳಿನ ಮೇಲೆ ಪಸೆ ಇರುತ್ತದೆ, ಫಿಲ್ಟರ್ ಕಾಗದದ ನಡುವೆ ಒತ್ತಿಕೊಳ್ಳಿ. ಏಪ್ರಿಲ್ ಬಿಸಿಲಿಗೆ ಬಾಟಲಿ ಬಾಯಿಯಲ್ಲಿ ಬೆಳ್ಳಗಾದ ಹರಳು ಬೇಡವೇ ಬೇಡ, ಅದರ ನೀರು ಆಗಲೇ ಹೋಗಿದೆ.

ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಇಟ್ಟು, ಆರಿಸಿ, ತೂಗಿ, ಮತ್ತೆ ಅರ್ಧ ಗಂಟೆ ಇಡಿ. ಎರಡು ತೂಕಗಳ ವ್ಯತ್ಯಾಸ 0.01 ಗ್ರಾಂ ಒಳಗೆ ಬಂದಾಗ ನಿಲ್ಲಿಸಿ. ಉಳಿಯಬೇಕಾದ್ದು 3.56 ಗ್ರಾಂ. ಹೋದದ್ದು 1.44, ಅಂದರೆ ಒಂದೊಂದು ತಾಮ್ರಕ್ಕಿರುವ ಐದು ನೀರಿನ ಅಣುಗಳಲ್ಲಿ ನಾಲ್ಕು. ಅಲ್ಲಿಗೆ ತೂಕ ನಿಂತುಬಿಡುತ್ತದೆ, ಐದನೆಯದು ಆ ಶಾಖಕ್ಕೆ ಜಗ್ಗುವುದಿಲ್ಲ. ಮೂಸೆಯನ್ನು ಮರಳಿನಲ್ಲಿ ಹೂತು, ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು 250 ಡಿಗ್ರಿಗೆ ಒಯ್ದರೆ 3.20 ಗ್ರಾಂಗೆ ಇಳಿದು, ಪುಡಿ ಪೂರ್ತಿ ಬೆಳ್ಳಗಾಗುತ್ತದೆ.

ಒಂದು ಹರಳಿನಲ್ಲಿ ನಾಲ್ಕು ಬಗೆಯ ಬಂಧಗಳಿವೆ. ನಾಲ್ಕು ನೀರಿನ ಆಕ್ಸಿಜನ್‌ಗಳು ತಮ್ಮ ಎಲೆಕ್ಟ್ರಾನ್ ಜೋಡಿ ಕೊಟ್ಟು ತಾಮ್ರವನ್ನು ಚೌಕವಾಗಿ ಸುತ್ತುವರಿದಿವೆ: ಇದು ಕೋಆರ್ಡಿನೇಟ್ ಬಂಧ, ನೀಲಿ ಬಣ್ಣವೂ ಇದರಿಂದಲೇ. ಮೇಲೆ ಕೆಳಗೆ, ತುಸು ದೂರದಲ್ಲಿ, ಸಲ್ಫೇಟಿನ ಆಕ್ಸಿಜನ್‌ಗಳು. ಧನ ತಾಮ್ರಕ್ಕೂ ಋಣ ಸಲ್ಫೇಟಿಗೂ ನಡುವಿನ ಸೆಳೆತ ಅಯಾನಿಕ. ನೀರಿನ ಒಳಗೆ, ಸಲ್ಫೇಟಿನ ಒಳಗೆ ಇರುವುದು ಎಲೆಕ್ಟ್ರಾನ್ ಹಂಚಿಕೊಳ್ಳುವ ಸಹವೇಲೆನ್ಸಿಯ ಬಂಧ. ಐದನೆಯ ನೀರು ತಾಮ್ರವನ್ನು ಮುಟ್ಟುವುದೇ ಇಲ್ಲ. ಸಲ್ಫೇಟು ಮತ್ತು ಉಳಿದ ನೀರುಗಳ ನಡುವೆ ಹೈಡ್ರೋಜನ್ ಬಂಧಗಳಲ್ಲಿ ಸಿಕ್ಕಿಕೊಂಡಿರುತ್ತದೆ.

‘ಹಾಗಾದರೆ ಕೊನೆಗೆ ಹೋಗುವುದು ಆ ಐದನೆಯದೇ’ ಎಂದು ಮಕ್ಕಳು ಬರೆಯುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ನಾಲ್ಕು ಹೋಗುವಷ್ಟರಲ್ಲಿ ಹರಳಿನ ಜೋಡಣೆಯೇ ಬದಲಾಗಿ, ಉಳಿದ ಒಂದು ನೀರು ಎರಡು ತಾಮ್ರಗಳ ನಡುವೆ ಸೇತುವೆಯಾಗಿ ನೇರವಾಗಿ ಅಂಟಿಕೊಳ್ಳುತ್ತದೆ. ತಕ್ಕಡಿ ಹೇಳುವುದು ಎಷ್ಟು ಹೋಯಿತು ಎಂದು ಮಾತ್ರ, ಯಾವುದು ಹೋಯಿತು ಎಂದಲ್ಲ.

ಕೆಡುವುದು ಹೆಚ್ಚಾಗಿ ಬರ್ನರ್ ಕೈಗೆ ಸಿಕ್ಕಾಗ. ನೇರ ಉರಿಗೆ ಹರಳು ಚಟಪಟ ಸಿಡಿದು ಹೊರಗೆ ಹಾರುತ್ತದೆ. ತಳ ಕೆಂಪಾದರೆ ಸಲ್ಫೇಟೇ ಒಡೆದು ಕಪ್ಪು ತಾಮ್ರದ ಆಕ್ಸೈಡ್ ಉಳಿಯುತ್ತದೆ, ಲೆಕ್ಕದಲ್ಲಿ ಐದರ ಬದಲು ಆರು, ಏಳು ನೀರು ಬರುತ್ತದೆ. ಬಯಲಲ್ಲಿ ಆರಿಸಿದರೆ ಬಿಳಿ ಪುಡಿ ಗಾಳಿಯ ತೇವ ಹೀರಿ ತೂಕ ಏರುತ್ತದೆ. ಡೆಸಿಕೇಟರಿನ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಅದೂ ಕೆಲಸಕ್ಕೆ ಬಾರದು. ಆ ಬಣ್ಣವೂ ಕೋಬಾಲ್ಟ್ ನೀರನ್ನು ಹಿಡಿದುಕೊಂಡದ್ದರ ಗುರುತೇ.

ಕೊನೆಗೆ ತಣ್ಣಗಾದ ಬಿಳಿ ಪುಡಿಗೆ ಎರಡು ಹನಿ ನೀರು ಬಿಟ್ಟು ಮೂಸೆಯ ತಳ ಮುಟ್ಟಿಸುತ್ತೇನೆ: ನೀಲಿ ಮರಳುತ್ತದೆ, ತಳ ಬೆಚ್ಚಗಾಗುತ್ತದೆ. ಅನ್ನಭೇದಿಯಲ್ಲೂ (ಕಬ್ಬಿಣದ ಸಲ್ಫೇಟ್) ಆರು ನೀರು ಕಬ್ಬಿಣದ ಸುತ್ತ, ಒಂದು ಹೊರಗೆ. ಆದರೆ ಅದನ್ನು ಹೀಗೆ ಕಾಯಿಸಬೇಡಿ. ಕಬ್ಬಿಣ ಗಾಳಿಗೆ ಉತ್ಕರ್ಷಣಗೊಂಡು ಪುಡಿ ಕಂದಾಗುತ್ತದೆ, ತೂಕ ನಂಬುವಂತಿರುವುದಿಲ್ಲ.