ಬರೆಯೋಕೆ ಏನೂ ಹೊಳೀತಿಲ್ವಾ? ನೀರಿನ ಮುಂದೆ ಹೋಗಿ ಕೂತ್ಕೊಳ್ಳಿ

ಕಥೆ ಬರೀಬೇಕು, ಕವನ ಬರೀಬೇಕು ಅಂತ ಆಸೆ ಇರುತ್ತೆ, ಪೆನ್ ಹಿಡಿದ್ರೆ ತಲೆ ಖಾಲಿ. ಅಂಥವರಿಗೆ ನಾನು ಹೇಳೋದು ಒಂದೇ, ವಿಷಯ ಹುಡುಕೋದು ಬಿಡಿ, ನೀರು ಏನ್ ಮಾಡ್ತಿದೆ ಅಂತ ನೋಡಿ. ಮಲೆನಾಡಲ್ಲಿ ಇದ್ಕೊಂಡು ನೀರಿಗೆ ಬರ ಇಲ್ವಲ್ಲ.

ಮೊದಲು ಜಾಗ ಆರಿಸ್ಕೊಳ್ಳಿ. ಜೋಗಕ್ಕೇ ಹೋಗ್ಬೇಕು ಅಂತೇನಿಲ್ಲ. ಶರಾವತಿ 253 ಮೀಟರ್ ಮೇಲಿಂದ ಬೀಳೋದನ್ನ ನೋಡಿದ್ರೆ ಬಾಯಲ್ಲಿ 'ಅಬ್ಬಾ' ಬಿಟ್ಟು ಬೇರೆ ಮಾತೇ ಬರಲ್ಲ, ಹೊಸಬರಿಗೆ ಅದು ತುಂಬಾ ದೊಡ್ಡದಾಯ್ತು. ಮನೆ ಸೂರು ಸಾಕು, ತೋಟದ ಪಕ್ಕದ ಹಳ್ಳ ಸಾಕು.

ಆಮೇಲೆ ಒಂದೇ ಒಂದು ಹನಿ ಹಿಡ್ಕೊಳ್ಳಿ. ಮಳೆ ಹೊಳವಾದ್ಮೇಲೆ ಹೆಂಚಿನ ತುದೀಲಿ ನೀರು ಸೇರ್ತಾ ಸೇರ್ತಾ ದಪ್ಪ ಆಗುತ್ತೆ, ಜೋತಾಡುತ್ತೆ, ಕತ್ತು ಸಣ್ಣ ಆಗುತ್ತೆ, ಕಳಚಿ ಬೀಳುತ್ತೆ, ಅದರ ಬೆನ್ನಿಗೇ ಚೂರೇ ಚೂರು ಇನ್ನೊಂದು ಹನಿ ಬೀಳುತ್ತೆ, ಗಮನ ಇಟ್ಟು ನೋಡಿದೋರಿಗೆ ಮಾತ್ರ ಅದು ಕಾಣೋದು. ಕೆಳಗೆ ಅಂಗಳದಲ್ಲಿ ಸಾಲಾಗಿ ಕುಳಿ, ಮಣ್ಣೆಲ್ಲ ಹೋಗಿ ಹರಳು ಕಲ್ಲು ಮಾತ್ರ ಉಳಿದಿರುತ್ತೆ. ಎಷ್ಟು ಮಳೆಗಾಲದ ಕೆಲಸ ಅದು! ಆ ಮನೇಲಿ ಯಾರ್ಯಾರು ಹುಟ್ಟಿದ್ರು, ಯಾರು ಬಿಟ್ಟು ಹೋದ್ರು ಅಂತ ಕೇಳ್ಕೊಂಡ್ರೆ ಅಲ್ಲೇ ಒಂದು ಕಥೆ ಇದೆ.

ನೋಡ್ತಾ ನೋಡ್ತಾ ಬರ್ಕೊಳ್ಳಿ, ಪೆನ್ಸಿಲ್ಲಲ್ಲೇ ಬರೀರಿ, ಇಂಕು ಕಲಸಿ ಹೋಗುತ್ತೆ. 'ರಮಣೀಯ', 'ಮನಮೋಹಕ' ಎಲ್ಲ ದೂರ ಇಡಿ. ಸೇರ್ತು, ಜಾರ್ತು, ತಡೀತು, ಸುತ್ತು ಹೊಡೀತು, ಹೀಗೆ ನೀರು ಮಾಡಿದ್ದಷ್ಟೇ ಬರಲಿ.

ಬಿಸಿಲು ಬಂದಾಗ ತಿಳಿಯಾದ ಹಳ್ಳದ ಹತ್ರ ಹೋಗಿ. ನೀರಿನ ಮೇಲೆ ಉದ್ದ ಕಾಲಿನ ಹುಳ ಓಡಾಡ್ತಿರುತ್ತಲ್ಲ, ಅದನ್ನ ಬಿಟ್ಟು ತಳದಲ್ಲಿರೋ ಅದರ ನೆರಳು ನೋಡಿ. ಕಾಲು ಕೂದಲೆಳೆಯಷ್ಟು, ನೆರಳು ಮಾತ್ರ ದುಂಡಗೆ ದೊಡ್ಡದು. ಮೇಲ್ಮೈ ಎಳೆತದಿಂದ, ಅಂದ್ರೆ ನೀರಿನ ಮೇಲ್ಭಾಗ ಬಿಗಿಯಾದ ಪೊರೆ ಥರ ಇರೋದ್ರಿಂದ, ಹುಳ ಮುಳುಗಲ್ಲ, ಕಾಲಿಟ್ಟ ಕಡೆ ನೀರು ಸ್ವಲ್ಪ ತಗ್ಗುತ್ತೆ, ಆ ತಗ್ಗಲ್ಲಿ ಬೆಳಕು ಬಾಗಿ ಅಷ್ಟು ದೊಡ್ಡ ನೆರಳು ಬೀಳುತ್ತೆ. ಕಾರಣ ಗೊತ್ತಾದ್ರೆ ಸೊಗಸು ಹೋಗುತ್ತೆ ಅಂತಾರೆ ಕೆಲವರು, ನನಗಂತೂ ಹಾಗನ್ಸಲ್ಲ, ಇನ್ನೂ ಜಾಸ್ತಿ ನೋಡ್ಬೇಕು ಅನ್ಸುತ್ತೆ.

ಅವಕಾಶ ಸಿಕ್ರೆ ಕೂಡ್ಲಿಗೂ ಹೋಗಿ, ತುಂಗೆ ಭದ್ರೆ ಎರಡೂ ಸೇರೋ ಕಡೆ ನೀರಿನ ಬಣ್ಣ ಒಂದೇನಾ ಬೇರೆನಾ, ಯಾವ ಗೆರೆಯಿಂದ ಬೆರೆಯುತ್ತೆ ಹುಡುಕಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಇಳೀಬೇಡಿ, ಮೇಲಿಂದಲೇ ನೋಡಿ.

ಕೊನೇದಾಗಿ ನೀರಿನ ಪಕ್ಕ ಒಬ್ಬ ಮನುಷ್ಯನ್ನ ನಿಲ್ಲಿಸಿ. ಶಿವಮೊಗ್ಗದೋರಿಗೆ ತುಂಗೆ ಎಷ್ಟು ಏರಿದೆ ಅಂತ ತಿಳಿಯೋದು ಕೋರ್ಪಲಯ್ಯನ ಛತ್ರದ ಹತ್ರ ಹೊಳೇಲಿರೋ ಮಂಟಪ ನೋಡಿ, 'ಮಂಟಪ ಮುಳುಗ್ತಾ?' ಅಂತ ಊರೆಲ್ಲ ಕೇಳ್ತಾರೆ. ಹಾಗೆ ನೋಡೋಕೆ ಬಂದ ಜನರಲ್ಲಿ ಮೊಬೈಲ್ ತೆಗೀದೆ ಸುಮ್ನೆ ನಿಂತಿರೋರು ಒಬ್ರು ಇದ್ದೇ ಇರ್ತಾರೆ. ಅವರ ಮನೆ ಯಾವ ತಗ್ಗಲ್ಲಿದೆ, ಯಾರಿಗೆ ಫೋನ್ ಮಾಡ್ಬೇಕು ಅಂತಿದಾರೆ, ಅಲ್ಲಿಂದಲೇ ಮೊದಲ ಪ್ಯಾರಾ ಶುರು ಮಾಡಿ.